ಬ್ಯಾನರಿನ ನಡುವಿನ ಚೌಕ

ಬ್ಯಾನರು ಹೊಲಿಯುವ ಕೆಲಸ ಟೈಲರಮ್ಮನ ಅಂಗಡಿಗೇ ಬಂದಿತ್ತು. ಕೆಂಪು ಬಟ್ಟೆಯ ಮೇಲೆ ಬಿಳಿ ಅಕ್ಷರ: ‘ಕೊಲೆಗಾರನಿಗೆ ಜೀವಮಾನವಿಡೀ ಕೂಳೇಕೆ? ಗಲ್ಲಿಗೇರಿಸಿ!’ ನಡುವೆ ಚೌಕವಾಗಿ ಕತ್ತರಿಸಿದ್ದ ಜಾಗಕ್ಕೆ ಅವಳ ಗಂಡನ ಫೋಟೊ ಅಚ್ಚಾದ ಬಟ್ಟೆ ಕೂಡಿಸಬೇಕು. ಮೂರು ಬದಿ ಮುಗಿದಿತ್ತು.

ಗಂಡ ಬಸ್ ಕಂಡಕ್ಟರ್. ಚಿಲ್ಲರೆಯ ಜಗಳದಲ್ಲಿ ಪ್ರಯಾಣಿಕನೊಬ್ಬ ಚಾಕು ಹಾಕಿದ್ದ. ಕಳೆದ ವಾರ ಅವನಿಗೆ ಜೀವಾವಧಿ ಶಿಕ್ಷೆಯಾಗಿತ್ತು.

ಮೈದುನನ ಜೊತೆ ಬಡಾವಣೆ ಸಂಘದ ಅಧ್ಯಕ್ಷರು ಬಂದರು. ಮೈಕಿಲ್ಲದೆಯೇ ಮೂರು ಬೀದಿಗೆ ಕೇಳಿಸುತ್ತಿದ್ದುದರಿಂದ ಅವರಿಗೆ ‘ಮೈಕು’ ಎಂದೇ ಹೆಸರು.

“ಆಯ್ತೇನಮ್ಮಾ? ಈ ಅರ್ಜಿಗೊಂದು ಸಹಿ ಹಾಕ್ಬಿಡು, ಗಲ್ಲು ಕೇಳೋಕೆ ಮೇಲಿನ ಕೋರ್ಟಿಗೆ ಹೋಗೋಣ. ನಮ್ಮ ತೆರಿಗೆ ದುಡ್ಡಲ್ಲಿ ಆ ಪಾಪಿ ತಿಂದು ಕೊಬ್ಬಬೇಕಾ?”

“ಸರ್ಕಾರಿ ವಕೀಲರನ್ನ ಕೇಳಿದೆ ಅಣ್ಣಾ. ಗಲ್ಲು ಅಂದ್ರೆ ಬರೀ ಹಗ್ಗದ ಖರ್ಚಲ್ಲವಂತೆ. ಕೋರ್ಟಿನ ಮೇಲೆ ಕೋರ್ಟು, ಎರಡೂ ಕಡೆ ವಕೀಲರಿಗೆ ಸರ್ಕಾರದ ದುಡ್ಡು, ವರ್ಷಗಟ್ಟಲೆ ಬೇರೆ ಕೋಣೆ, ಹಗಲೂ ರಾತ್ರಿ ಕಾವಲು. ಸಾಯೋವರೆಗೂ ಅನ್ನ ಹಾಕೋದೇ ಅಗ್ಗವಂತೆ.”

ಮೈಕಿನ ದನಿ ಇನ್ನೂ ಏರಿತು. “ಖರ್ಚಾಗ್ಲಿ ಬಿಡಮ್ಮ! ನ್ಯಾಯಕ್ಕೆ ಬೆಲೆ ಕಟ್ಟೋಕಾಗುತ್ತಾ?”

ಟೈಲರಮ್ಮ ಅವರ ದನಿಯನ್ನೇ ಗಂಟಲಿಗೆ ತಂದುಕೊಂಡಳು. “‘ನಮ್ಮ ತೆರಿಗೇ ದುಡ್ಡೂ!’ ಅಂತ ಈಗ ತಾನೇ ಅಂದಿದ್ದು ಯಾರಣ್ಣಾ?”

ಮೈದುನ ಸಿಡುಕಿದ. “ತಮಾಷೆ ಸಾಕು ಅತ್ತಿಗೆ. ಅಣ್ಣ ಮಣ್ಣಾದ, ಅವನು ಉಸಿರಾಡ್ತಿದ್ದಾನೆ. ನನಗೆ ಹೊಟ್ಟೆ ಉರಿಯುತ್ತೆ.”

“ನನಗೆ ಉರಿಯಲ್ವೇನೋ? ಉರಿಯುತ್ತೆ ಅಂತ ಹೇಳು, ಕೇಳ್ತೀನಿ. ಊಟದ ಖರ್ಚು ಅಂತ ಮಾತ್ರ ಹೇಳ್ಬೇಡ. ಅವನು ಚಿಲ್ಲರೆ ದುಡ್ಡಿಗೆ ನಿಮ್ಮಣ್ಣನ್ನ ಕೊಂದ. ನಾವು ಅನ್ನದ ದುಡ್ಡಿಗೆ ಅವನನ್ನ ಕೊಲ್ಲಿಸಿದ್ರೆ, ಅವನಿಗೂ ನಮಗೂ ಏನು ವ್ಯತ್ಯಾಸ? ಒಳಗೇ ಇರ್ಲಿ. ದಿನಾ ಎದ್ದು ತಾನು ಮಾಡಿದ್ದನ್ನ ನೆನೆಸ್ಕೊಳ್ಳಲಿ. ಆ ಖರ್ಚಿಗೆ ನನ್ನ ತೆರಿಗೆಯೂ ಸೇರ್ಲಿ.”

“ಊರಲ್ಲಿ ಬೇರೆ ಟೈಲರ್ ಇಲ್ವೇನಮ್ಮಾ?” ಎಂದರು ಅಧ್ಯಕ್ಷರು.

“ಬೇಕಾದಷ್ಟು ಜನ ಇದ್ದಾರೆ. ಗಂಡ ಮಾತ್ರ ನನ್ನವನು.”

ಅವಳು ಮೂರೂ ಬದಿಯ ಹೊಲಿಗೆಯನ್ನು ಬಿಚ್ಚಿದಳು. ಫೋಟೊ ತನ್ನ ಬಳಿ ಇಟ್ಟುಕೊಂಡು ಬ್ಯಾನರನ್ನು ಅಧ್ಯಕ್ಷರ ಕೈಗಿತ್ತಳು. ಅವರು ಅದನ್ನು ಮುಖದೆದುರು ಎತ್ತಿ ಹಿಡಿದು ನೋಡಿದರು. ‘ಗಲ್ಲಿಗೇರಿಸಿ’ಯ ಪಕ್ಕದ ಖಾಲಿ ಚೌಕದಲ್ಲಿ ಅವರದೇ ಮುಖ ಕಾಣಿಸಿತು.

ಮೈದುನ ಆ ಮುಖವನ್ನೇ ದಿಟ್ಟಿಸಿದ. ಆಮೇಲೆ ಮೆಷಿನ್ನಿನ ಪಕ್ಕದ ಇಸ್ತ್ರಿಪೆಟ್ಟಿಗೆಗೆ ಕೈ ಚಾಚಿದ.

“ಅಣ್ಣನ ಫೋಟೊ ಮುದುರಿದೆ, ಕೊಡಿ ಅತ್ತಿಗೆ.”