ಮುಟ್ಟಬಾರದ ಸಮುದ್ರ

ನಮ್ಮ ಮೇಷ್ಟ್ರಿಗೆ ಸಮುದ್ರದ ಮೇಲೆ ಹಗೆಯೇನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಅವರನ್ನು ಬೈಯುವುದು ಸಾಕಷ್ಟಿದೆ.

ಮೇಷ್ಟ್ರು ಎಂದರೆ ವೆಂಕಟಾಚಲಯ್ಯನವರು. ಎನ್.ಆರ್. ಕಾಲೋನಿಯಲ್ಲಿ ಮನೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಅವರ ಹೆಂಡತಿ ಚೂಡಾಮಣಿ ನನ್ನ ವಾಕಿಂಗ್ ಗೆಳತಿ. ನನಗಿಂತ ದೊಡ್ಡವರು, ಆದ್ದರಿಂದ ನನಗೆ ಮಣಿಯಕ್ಕ. ನಾನು ಮಾವಳ್ಳಿಯ ಯಮುನಾ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ನಮ್ಮದು. ಮಣಿಯಕ್ಕನ ಮಗಳು ದೀಪ್ತಿಯ ಮದುವೆಗೆ ನಮ್ಮ ಅಂಗಡಿಯಿಂದಲೇ ಸಾಮಾನು ಹೋಗಿತ್ತು. ಸಾಮಾನು ವಾಪಸ್ ಬಂತು, ನಾನು ಮಾತ್ರ ಅವರ ಮನೆಯಲ್ಲೇ ಉಳಿದುಬಿಟ್ಟೆ ಎಂದು ನನ್ನ ಮಗ ಅಭಿನಂದನ್ ಇವತ್ತಿಗೂ ಆಡಿಕೊಳ್ಳುತ್ತಾನೆ. ದಿನಾ ಬೆಳಿಗ್ಗೆ ನಾವಿಬ್ಬರೂ ಕೃಷ್ಣರಾವ್ ಪಾರ್ಕಿನಲ್ಲಿ ಸುತ್ತುತ್ತೇವೆ. ಮೇಷ್ಟ್ರು ಮಂಕಿ ಕ್ಯಾಪ್ ಹಾಕಿಕೊಂಡು ಹತ್ತು ಹೆಜ್ಜೆ ಮುಂದೆ ನಡೆಯುತ್ತಾರೆ. ಕಿವಿ ಮಾತ್ರ ನಮ್ಮ ಜೊತೆಯಲ್ಲೇ ಇರುತ್ತದೆ.

ಡಿಸೆಂಬರಿನ ಚಳಿ ಬಿದ್ದ ಒಂದು ಬೆಳಿಗ್ಗೆ ಮಣಿಯಕ್ಕ ಅರ್ಧ ಸುತ್ತಿಗೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ಬಲಮಂಡಿ ಉಜ್ಜಿಕೊಳ್ಳುತ್ತ, ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಎಂದರು.

"ಮಾಡಿಸ್ಕೊಳ್ಳಿ ಮಣಿಯಕ್ಕ. ನಮ್ಮ ಚಿಕ್ಕಮ್ಮ ಮಾಡಿಸ್ಕೊಂಡು ಈಗ ಮೆಟ್ಟಿಲು ಹತ್ತಿ ಇಳೀತಾರೆ."

"ಮೆಟ್ಟಿಲೇನೋ ಹತ್ತಬಹುದಂತೆ. ಮರಳಲ್ಲಿ, ನೀರಲ್ಲಿ ಎಲ್ಲ ಹೋಗಿ ನಿಂತ್ಕೋಬೇಡಿ ಅಂದ್ರು ಡಾಕ್ಟರು." ಕಾಲನ್ನು ಮುಂದಕ್ಕೆ ಚಾಚಿಕೊಂಡು ಹೇಳಿದರು: "ಇನ್ನು ಸಮುದ್ರದ ಆಸೆ ಬಿಟ್ಟ ಹಾಗೇ ಕಣೇ. ಒಂದ್ಸಲ ಅದರೊಳಗೆ ಕಾಲಿಟ್ಟು ನಿಲ್ಲಬೇಕು ಅಂತಿತ್ತು."

"ಒಂದ್ಸಲವೂ ನಿಂತಿಲ್ವಾ?"

"ಮುಟ್ಟೇ ಇಲ್ಲ."

ಆಗ ವಿಷಯ ಹೊರಗೆ ಬಂತು. ಅವರ ಮನೆಯ ಸಂಪ್ರದಾಯದಲ್ಲಿ ಸಮುದ್ರವನ್ನು ಕಂಡಕಂಡ ದಿನ ಮುಟ್ಟುವ ಹಾಗಿಲ್ಲ. ಅಶ್ವತ್ಥ ಮರವನ್ನು ಮುಟ್ಟಲು ಶನಿವಾರ ಹೇಗೋ ಹಾಗೆ ಸಮುದ್ರವನ್ನು ಮುಟ್ಟಲು ಹುಣ್ಣಿಮೆ, ಅಮಾವಾಸ್ಯೆ, ಗ್ರಹಣ. ಮಿಕ್ಕ ದಿನ ದೂರದಿಂದ ಕೈ ಮುಗಿಯಬೇಕು. ಸರಿ, ಹುಣ್ಣಿಮೆಗೋ ಅಮಾವಾಸ್ಯೆಗೋ ಹೋಗಿ ಮುಟ್ಟಿ ಬರಬಹುದಲ್ಲ? ಆಗುವುದಿಲ್ಲ. ಹುಣ್ಣಿಮೆಗೆ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಅಮಾವಾಸ್ಯೆಗೆ ಮೇಷ್ಟ್ರ ತರ್ಪಣ. ಮುಟ್ಟಬಹುದಾದ ದಿನ ಊರು ಬಿಡುವ ಹಾಗಿಲ್ಲ, ಊರು ಬಿಡಬಹುದಾದ ದಿನ ಮುಟ್ಟುವ ಹಾಗಿಲ್ಲ.

ಮದುವೆಯಾದ ಹೊಸದರಲ್ಲಿ ಕನ್ಯಾಕುಮಾರಿಗೆ ಹೋಗಿದ್ದರಂತೆ. ಅಲ್ಲಿ ಮೂರು ಸಮುದ್ರ ಕೂಡುತ್ತವೆ. ಮೂರನ್ನೂ ಮುಟ್ಟದೆ ಬಂದ ಹೆಂಗಸು ಇಡೀ ಬಸವನಗುಡಿಯಲ್ಲಿ ಇವರೊಬ್ಬರೇ ಇರಬೇಕು. ಮದರಾಸಿಗೆ ಹೋದಾಗ ಮರೀನಾದಲ್ಲಿ ಕಡಲೆ ಸುಂಡಲ್ ತಿಂದು ವಾಪಸ್. ಮಲ್ಪೆಗೆ ಮೇಷ್ಟ್ರ ಶಾಲೆಯ ಪ್ರವಾಸದ ಜೊತೆ ಹೋದಾಗ ಮಕ್ಕಳೆಲ್ಲ ಅಲೆಯಲ್ಲಿ ಬಿದ್ದು ಹೊರಳಾಡುತ್ತಿದ್ದರೆ ಮಣಿಯಕ್ಕ ಮರಳ ಮೇಲೆ ಕೂತು ಇಡೀ ತರಗತಿಯ ಚಪ್ಪಲಿ ಕಾದರಂತೆ.

"ಬೇಜಾರಾಗ್ಲಿಲ್ವಾ ನಿಮ್ಗೆ?"

"ಒಂದು ಚಪ್ಪಲೀನೂ ಕಳೀಲಿಲ್ಲ ಕಣೇ" ಎಂದು ನಕ್ಕರು.

ನನಗೆ ಮೈಯೆಲ್ಲ ಉರಿಯಿತು. ನಮ್ಮಜ್ಜಿ ಪಿಳ್ಳಮ್ಮ ರಾಮೇಶ್ವರಕ್ಕೆ ಹೋದಾಗ ಯಾವ ಪಂಚಾಂಗವನ್ನೂ ಕೇಳದೆ, ಸೀರೆ ಎತ್ತಿ ಕಟ್ಟಿ, ಗಂಗಮ್ಮ ತಾಯೀ ಎಂದು ಕೂಗಿಕೊಂಡು ನುಗ್ಗಿದವಳು. ಅವಳ ಮೊಮ್ಮಗಳು ನಾನು ಸುಮ್ಮನಿರುವುದುಂಟೆ? ನೇರ ಮೇಷ್ಟ್ರ ಹಿಂದೆ ಹೋದೆ.

"ಮೇಷ್ಟ್ರೇ, ಸಮುದ್ರದ ದಡದಲ್ಲೇ ತರ್ಪಣ ಬಿಡ್ತಾರಲ್ಲ, ನೀವ್ಯಾಕೆ ಬಿಡಬಾರ್ದು?"

"ಬಿಡ್ತಾರೆ. ನಮ್ಮ ತಂದೆ ಮನೇಲೇ ಬಿಡ್ತಿದ್ರು."

ಇಂಥ ಉತ್ತರದ ಎದುರು ಯಾರು ಏನು ವಾದ ಮಾಡುವುದು? ದಾರಿ ಬದಲಿಸಿದೆ. "ಮುಟ್ಟೋದು ಬೇಡ ಬಿಡಿ. ಆಪರೇಷನ್ನಿಗೆ ಮುಂಚೆ ಮಣಿಯಕ್ಕ ಒಂದ್ಸಲ ನೋಡ್ಕೊಂಡು ಬರ್ಲಿ. ಹೊನ್ನಾವರಕ್ಕೆ ಹೋಗೋಣ. ಅಭಿನಂದನ್ ಟಿಕೆಟ್ ಬುಕ್ ಮಾಡ್ತಾನೆ."

"ನೋಡೋದಕ್ಕೆ ಅಡ್ಡಿಯಿಲ್ಲ."

"ಶರಾವತೀಲಿ ದೋಣಿ ಹತ್ತಬಹುದಾ?"

ಮೇಷ್ಟ್ರು ಮಂಕಿ ಕ್ಯಾಪ್ ಸರಿಮಾಡಿಕೊಂಡು ಯೋಚಿಸಿದರು. "ನದಿ ತಾನೆ. ನದಿಯನ್ನ ಯಾವತ್ತು ಬೇಕಾದ್ರೂ ಮುಟ್ಟಬಹುದು ಯಮುನಮ್ಮ. ಪುಣ್ಯವೇ ಬರುತ್ತೆ."

ಹಿಂದೆ ಬೆಂಚಿನ ಮೇಲೆ ಮಣಿಯಕ್ಕನ ಮುಖ ಊರಗಲ ಆಗಿತ್ತು.

ಹೊರಡುವ ದಿನ ಮಣಿಯಕ್ಕನ ಕೈಚೀಲ ಎತ್ತಿದರೆ ನನ್ನ ಭುಜ ಜಗ್ಗಿತು. ಕೋಡುಬಳೆ, ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಫ್ಲಾಸ್ಕಿನಲ್ಲಿ ಡಿಕಾಕ್ಷನ್. ಧನುರ್ಮಾಸವಾದ್ದರಿಂದ ಹುಗ್ಗಿಗೆ ಹೆಸರುಬೇಳೆಯೂ ಹುರಿದು ಬಂದಿತ್ತು. ಕರಾವಳಿಯಲ್ಲಿ ಜನ ಊಟ ಮಾಡುವುದಿಲ್ಲವೇ ಎಂದು ಕೇಳಿದೆ. ಅವರ ಸಾರಿಗೆ ಬೆಲ್ಲ ಹಾಕುತ್ತಾರೋ ಇಲ್ಲವೋ ಯಾರಿಗೆ ಗೊತ್ತು ಎಂದರು.

ಹೊನ್ನಾವರದಲ್ಲಿ ಬೆಂಗಳೂರಿನ ಚಳಿ ಇರಲಿಲ್ಲ. ಬೆಳಗಿನ ಹೊತ್ತು ತೆಳ್ಳಗೆ ಮಂಜು, ಆಮೇಲೆ ಹದವಾದ ಬಿಸಿಲು. ಮೇಷ್ಟ್ರು ಮಾತ್ರ ಮಂಕಿ ಕ್ಯಾಪ್ ತೆಗೆಯಲಿಲ್ಲ. ಮೊದಲ ದಿನ ದಡದುದ್ದಕ್ಕೂ ನಡೆದೆವು. ಮೀನಿಗೆ ಹೋದ ದೋಣಿಗಳು ಬಂದು ಮರಳಿಗೆ ಮೂತಿ ಊರಿ ನಿಂತಿದ್ದವು. ಗಂಡಸರು ಬಲೆ ಕೊಡವುತ್ತಿದ್ದರು, ಹೆಂಗಸರು ಬುಟ್ಟಿ ಹಿಡಿದು ಜೋರಾಗಿ ಚೌಕಾಶಿ ಮಾಡುತ್ತಿದ್ದರು. ಚಳಿಗಾಲದ ಸಮುದ್ರ ಸಾಧು, ಅಲೆ ಸಣ್ಣದು. ಮಣಿಯಕ್ಕ ಹೆಜ್ಜೆಗೊಮ್ಮೆ ನಿಂತು ನೋಡಿದರು. ಒಂದು ಚಿಪ್ಪು ಎತ್ತಿಕೊಂಡು, ಇದನ್ನು ಮುಟ್ಟಬಹುದೇ ಎಂದು ಗಂಡನನ್ನು ಕೇಳಿದರು. ಒಣಗಿದ್ದರೆ ಪರವಾಗಿಲ್ಲ ಎಂದು ಅಪ್ಪಣೆಯಾಯಿತು.

ಮೇಷ್ಟ್ರು ಟ್ರಾಫಿಕ್ ಪೊಲೀಸಿನವರ ಹಾಗೆ ನೀರಿನ ಪಕ್ಕಕ್ಕೆ ತಾವು ನಿಂತು ಹೆಂಡತಿಯನ್ನು ಒಣಮರಳಿನಲ್ಲಿ ನಡೆಸಿದರು. "ಚೂಡಾ, ಎಡಕ್ಕೆ ಬಾ. ದೊಡ್ಡದೊಂದು ಬರ್ತಿದೆ." ಅಲೆ ನುಗ್ಗಿದಾಗೆಲ್ಲ ಪಂಚೆ ಎತ್ತಿ ಹಿಂದಕ್ಕೆ ಹಾರುತ್ತಿದ್ದರು. ಆ ವಯಸ್ಸಿನಲ್ಲಿ ಅಂಥ ನೆಗೆತವನ್ನು ನಾನು ಎಲ್ಲೂ ಕಂಡಿಲ್ಲ. ಬಲೆ ಕೊಡವುತ್ತಿದ್ದವರು ಕೆಲಸ ಬಿಟ್ಟು ನೋಡಿದರು.

ನನಗೇನು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಓಡಿಹೋಗಿ ಬೀಳಬಹುದಿತ್ತು. ಆದರೆ ಮಣಿಯಕ್ಕನನ್ನು ದಡದಲ್ಲಿ ನಿಲ್ಲಿಸಿ ನಾನೊಬ್ಬಳು ಕುಣಿಯುವುದಕ್ಕೆ ಮನಸ್ಸು ಬರಲಿಲ್ಲ. ಅರವತ್ತರ ಹೆಂಗಸು ನಾನು, ಸಮುದ್ರದ ಎದುರು ಒಂದು ಹನಿಯೂ ತಾಗದ ಕಾಲಿನಲ್ಲಿ ನಿಂತಿದ್ದೆ.

ವಾಪಸ್ ಬರುವಾಗ ಮಣಿಯಕ್ಕ ನನ್ನ ಭುಜದ ಮೇಲೆ ಭಾರ ಬಿಟ್ಟು ಕುಂಟುತ್ತ ಹೇಳಿದರು: "ಇಷ್ಟು ಹತ್ರ ಬಂದಿದ್ದು ಇದೇ ಮೊದಲು. ಸಾಕು ಕಣೇ."

ಆ ಸಾಕು ಎಂಬ ಮಾತು ಕೇಳಿ ನನಗೆ ಅಳು ಬಂತು. ಮೇಷ್ಟ್ರ ಮಂಕಿ ಕ್ಯಾಪನ್ನು ಕಿತ್ತು ಸಮುದ್ರಕ್ಕೆ ಎಸೆಯಬೇಕು ಎನ್ನಿಸಿತು.

ಮಾರನೆಯ ದಿನ ದೋಣಿ. ಸಣ್ಣ ಮರದ ದೋಣಿ, ಹಿಂದೆ ಕೂತು ಹುಟ್ಟು ಹಾಕುವ ಆಳು ಒಬ್ಬ. ಮೇಷ್ಟ್ರು ಹತ್ತುವ ಮೊದಲೇ ಅವನಿಗೆ ಗಡಿ ಗೊತ್ತುಮಾಡಿದರು. ದೂರದಲ್ಲಿ ನದಿ ಸಮುದ್ರ ಸೇರುವ ಕಡೆ ಒಂದು ಮರಳುದಿಬ್ಬ, ಅದರಾಚೆ ಬಿಳಿ ತೆರೆಗಳು.

"ಆ ಬಿಳಿ ಕಾಣ್ತಿದೆಯಲ್ಲಪ್ಪ, ಅಲ್ಲಿಂದ ಸಮುದ್ರ. ದಿಬ್ಬದ ಈ ಕಡೆ ನದಿ. ನಮ್ಮನ್ನ ದಿಬ್ಬದ ಈ ಕಡೇನೇ ಇಳಿಸ್ಬೇಕು."

"ಆಯ್ತು" ಎಂದ ಅವನು. ದಿನಾ ಎಂಥೆಂಥ ಜನರನ್ನು ನೋಡಿದ್ದನೋ ಏನೋ.

ದೋಣಿ ನಿಧಾನ ಜಾರಿತು. ಎರಡು ಕಡೆಯೂ ನೀರೊಳಗೇ ಬೇರು ಬಿಟ್ಟ ಕಾಂಡ್ಲ ಗಿಡಗಳು. ನೀರುಕಾಗೆಗಳು ಕಂಬದ ಮೇಲೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿದ್ದವು. ಒಂದು ದೋಣಿಯಲ್ಲಿ ಗಂಡ ಬಲೆ ಬಿಡುತ್ತಿದ್ದರೆ ಹೆಂಡತಿ ಒಲೆ ಹೊತ್ತಿಸಿ ಗಂಜಿಯೋ ಏನೋ ಬೇಯಿಸುತ್ತಿದ್ದಳು. ದೋಣಿಯಲ್ಲೇ ಸಂಸಾರ ಮಾಡಿಬಿಟ್ಟಿದ್ದಾಳಲ್ಲ ಎಂದು ಮಣಿಯಕ್ಕ ಅವಳಿಗೆ ಕೈ ಬೀಸಿದರು. ಅವಳು ಸೌಟು ಬೀಸಿದಳು.

"ರೀ, ಇದು ನದೀನೇ ತಾನೆ?"

"ಶರಾವತಿ. ಮುಟ್ಟು, ಧಾರಾಳವಾಗಿ ಮುಟ್ಟು."

ಅಷ್ಟೇ ಬೇಕಾಗಿತ್ತು. ಮಣಿಯಕ್ಕ ಮೊಣಕೈವರೆಗೆ ಕೈ ಇಳಿಬಿಟ್ಟರು. ಬೆರಳಿನ ಸಂದಿಯಲ್ಲಿ ನೀರು ಸೀಳಿಕೊಂಡು ಹೋಗುವುದನ್ನು ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೆ ನನಗೆ ಎರಚಿದರು. ನಾನು ಬಿಡುತ್ತೇನೆಯೇ? ನಾನೂ ಎರಚಿದೆ. ಮೇಷ್ಟ್ರ ಕನ್ನಡಕಕ್ಕೂ ನಾಲ್ಕು ಹನಿ ಬಿತ್ತು. ಅವರು ಅದನ್ನು ಪಂಚೆಯ ತುದಿಯಲ್ಲಿ ಒರೆಸಿಕೊಂಡು, ಇಷ್ಟು ವಯಸ್ಸಾದ ಮೇಲೆ ಹೀಗೆಲ್ಲ ಆಡುವುದೇ, ಪಾರ್ಕಿನಲ್ಲಿ ಆಡುವುದಿಲ್ಲವಲ್ಲ ನೀವು ಎಂದರು.

ದೋಣಿ ದಿಬ್ಬದ ಹತ್ತಿರ ಬರುವಾಗ ಮಣಿಯಕ್ಕನಿಗೆ ಹಸಿವಾಯಿತು. ಒದ್ದೆ ಕೈಯಲ್ಲೇ ಡಬ್ಬಿ ತೆಗೆದು ನಮ್ಮ ಮುಂದೆ ಹಿಡಿದರು, ನಮಗೆಲ್ಲ ಒಂದೊಂದು ಕೋಡುಬಳೆ, ದೋಣಿಯವನಿಗೆ ಎರಡು. ತಾವೂ ಒಂದು ಕಚ್ಚಿದರು. ಕಚ್ಚಿ, ಅಗಿಯುವುದನ್ನು ನಿಲ್ಲಿಸಿದರು.

"ಉಪ್ಪು ಜಾಸ್ತಿಯಾಗಿದೆ."

ಮಣಿಯಕ್ಕನ ಕೋಡುಬಳೆಗೆ ಉಪ್ಪು ಜಾಸ್ತಿಯಾಗುವುದೆಂದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಹಾಗೆ. ಅರ್ಧ ಎನ್.ಆರ್. ಕಾಲೋನಿ ಹಬ್ಬಕ್ಕೆ ಅವರ ಕೈಯಿಂದ ಮಾಡಿಸಿಕೊಳ್ಳುತ್ತದೆ. ನನ್ನದನ್ನು ಕಚ್ಚಿ ನೋಡಿದೆ. ಸರಿಯಾಗಿಯೇ ಇತ್ತು. ನಾನು ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಿದ್ದೆ. ಅವರು ಹಿಡಿದದ್ದು ಮಾತ್ರ ಒದ್ದೆಯಾಗಿತ್ತು. ಮಣಿಯಕ್ಕ ಕೋಡುಬಳೆಯನ್ನು ನೋಡಿದರು, ಕೈಯನ್ನು ನೋಡಿದರು. ಆಮೇಲೆ ತೋರುಬೆರಳನ್ನು ನಾಲಗೆಗೆ ತಾಗಿಸಿದರು.

"ಏನಪ್ಪ, ನಿಮ್ಮ ನದಿ ಉಪ್ಪಾಗಿದೆಯಲ್ಲ?"

"ಈಗ ನೀರು ಏರುವ ಹೊತ್ತಲ್ದಾ ಅಮ್ಮ. ಸಮುದ್ರ ಒಳಗೆ ಬಂದದೆ. ಸಂಜೆಗೆ ವಾಪಸ್ ಹೋಗ್ತದೆ" ಎಂದ ದೋಣಿಯವನು, ಕೋಡುಬಳೆ ಅಗಿಯುತ್ತ.

ನನಗೆ ದಿಗಿಲಾಯಿತು. ಮಣಿಯಕ್ಕ ಪಾಪ ಸುತ್ತಿಕೊಂಡಿತು ಎಂದು ಕೊರಗುತ್ತ ಕೂತರೆ? ಮೇಷ್ಟ್ರು ಪ್ರಾಯಶ್ಚಿತ್ತ ಎಂದು ಶುರುಮಾಡಿದರೆ? ಅಷ್ಟು ಹೊತ್ತಿನ ಅವರ ನಗು ಹಾಳಾದರೆ ನಾನು ಮೇಷ್ಟ್ರನ್ನು ಬಿಡುವವಳಲ್ಲ ಎಂದು ಸೆರಗು ಸಿಕ್ಕಿಸಿಕೊಂಡು ಸಿದ್ಧವಾದೆ.

ಮಣಿಯಕ್ಕ ಗಂಡನ ಕಡೆ ತಿರುಗಿದರು. ಕಣ್ಣು ತುಂಬಿತ್ತು. ಆದರೆ ಅದು ಕೊರಗಲ್ಲ, ನನಗೆ ಚೆನ್ನಾಗಿ ಗೊತ್ತಾಯಿತು.

"ನಾನಾಗಿ ಹೋಗ್ಲಿಲ್ಲ ರೀ. ಅದೇ ಬಂತು."

ಮೇಷ್ಟ್ರು ಕರಿಹಲಗೆಯ ಮೇಲೆ ತಾವೇ ಮಾಡಿದ ಲೆಕ್ಕದಲ್ಲಿ ತಪ್ಪು ಸಿಕ್ಕವರ ಹಾಗೆ ನೀರನ್ನು ನೋಡುತ್ತ ಕೂತರು. ಆಮೇಲೆ ಮೆಲ್ಲಗೆ ಬಗ್ಗಿ, ಅಂಚಿನಿಂದ ಕೈ ಚಾಚಿ, ಬೆರಳ ತುದಿ ಅದ್ದಿ ನಾಲಗೆಗೆ ಇಟ್ಟುಕೊಂಡರು.

"ಉಪ್ಪು" ಎಂದರು. ಮತ್ತೊಮ್ಮೆ ಅದ್ದಿ ನೋಡಿದರು. "ಚೂಡಾ, ನಿಜವಾಗ್ಲೂ ಉಪ್ಪು."

ಆ ದನಿ ಕೇಳಿದ ಮೇಲೇ ನನಗೆ ಹೊಳೆದದ್ದು: ಕನ್ಯಾಕುಮಾರಿಯಲ್ಲಿ, ಮರೀನಾದಲ್ಲಿ, ಮಲ್ಪೆಯಲ್ಲಿ ಈ ಮನುಷ್ಯನೂ ಮುಟ್ಟಿರಲಿಲ್ಲ. ಚಪ್ಪಲಿ ಕಾಯುವವರ ಪಕ್ಕದಲ್ಲಿ ಇವರೂ ಕೂತಿದ್ದರು. ಬೈಯಲು ಕಟ್ಟಿಕೊಂಡಿದ್ದ ಮಾತೆಲ್ಲ ನನ್ನ ಬಾಯಲ್ಲೇ ಕರಗಿಹೋಯಿತು.

ದೋಣಿ ದಿಬ್ಬಕ್ಕೆ ತಾಗಿತು. ಗೊತ್ತುಮಾಡಿದ ಹಾಗೆ ಈ ಕಡೆಯೇ ಇಳಿದೆವು. ದಿಬ್ಬ ಹತ್ತಿ ನಿಂತರೆ ಎದುರಿಗೆ ಇಡೀ ಸಮುದ್ರ, ಬಿಸಿಲಿಗೆ ಫಳಫಳ ಎನ್ನುತ್ತಿತ್ತು. ಮಣಿಯಕ್ಕ ಅಭ್ಯಾಸಬಲದಿಂದ ಅಲ್ಲೇ ನಿಂತು ಕೈ ಮುಗಿದರು.

ಮೇಷ್ಟ್ರು ಮಂಕಿ ಕ್ಯಾಪ್ ತೆಗೆದು ನನ್ನ ಕೈಗೆ ಕೊಟ್ಟರು. ಪಂಚೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿದರು. ಹೆಂಡತಿಯ ನೋಯುವ ಕಾಲಿನ ಕಡೆ ಹೋಗಿ ನಿಂತು ತೋಳು ಕೊಟ್ಟರು.

"ಬಾ ಚೂಡಾ."

"ಇವತ್ತು ದಶಮಿ ಅಲ್ವೇನ್ರಿ?"

"ಮುಳುಗಿದವರಿಗೆ ಚಳಿಯೇನು, ಮಳೆಯೇನು? ಬಾ."

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮರಳು ಇಳಿದರು. ಮೊದಲ ಅಲೆ ಪಾದಕ್ಕೆ ಬಂದಾಗ ಮೇಷ್ಟ್ರು ಅಭ್ಯಾಸದಂತೆ ಹಿಂದಕ್ಕೆ ನೆಗೆಯಲು ಹೋದರು. ಈ ಸಲ ಮಣಿಯಕ್ಕ ಹಿಡಿದು ನಿಲ್ಲಿಸಿದರು. ಎರಡನೆಯದು ಮಂಡಿಗೆ ಬಂತು. ನೋಯುವ ಮಂಡಿ, ನೋಯದ ಮಂಡಿ, ಎರಡೂ ನೆನೆದವು. ಮಣಿಯಕ್ಕ ನಗುತ್ತಿದ್ದರು. ಮೇಷ್ಟ್ರು ನಗುವುದನ್ನು ನಾನು ಆವತ್ತೇ ಮೊದಲು ಕೇಳಿದ್ದು. ದೀಪ್ತಿಯ ಮದುವೆಯಲ್ಲೂ ಅವರು ಹಾಗೆ ನಕ್ಕಿರಲಿಲ್ಲ.

ಸೊಂಟದವರೆಗೂ ಒದ್ದೆಯಾದ ಮಣಿಯಕ್ಕ ಅಲ್ಲಿಂದಲೇ ತಿರುಗಿ ಕೂಗಿದರು: "ಯಮುನಾ, ನಮ್ಮ ಚಪ್ಪಲಿ ನೋಡ್ಕೋ ಕಣೇ."

ನಾನು ಮಂಕಿ ಕ್ಯಾಪನ್ನೂ ಮೂರು ಜೊತೆ ಚಪ್ಪಲಿಯನ್ನೂ ದಿಬ್ಬದ ಮೇಲೆ ಬಂದು ಕೂತಿದ್ದ ದೋಣಿಯವನ ಮಡಿಲಿಗೆ ಹಾಕಿ ಓಡಿದೆ.