ಅಂಗೈಯಷ್ಟು ಅಂಗಿ

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಟೈಲರಕ್ಕನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುತ್ತಿರಲಿಲ್ಲ. ಆ ವರ್ಷವಂತೂ ಕೇಳಲೇಬೇಡಿ. ಮೇಜಿನ ಮೇಲೆ ಫ್ರಾಕುಗಳ ರಾಶಿ, ಕುರ್ಚಿಯ ಮೇಲೆ ಅರ್ಧ ಹೊಲಿದ ಕೋಟು, ಕಿಟಕಿಯ ಸರಳಿಗೆ ನೇತುಬಿದ್ದ ಒಂಟಿ ತೋಳುಗಳು. ಚರ್ಚಿನ ಕಡೆ ತಲೆಹಾಕಿ ತಿಂಗಳಾಗಿತ್ತು.

ಮೂಲೆಯಲ್ಲಿ ಕೂತು ಗುಂಡಿ ಹೊಲಿಯುವ ಅತ್ತೆ ದಿನಾ ಕರೆಯುತ್ತಿದ್ದರು. "ಪ್ರಾರ್ಥನೆಗೆ ಬಾರಮ್ಮ."

"ಹಬ್ಬ ಮುಗೀಲಿ ಅತ್ತೆ."

"ಹಬ್ಬ ಮುಗಿದ್ಮೇಲೆ ಹಬ್ಬ ಮಾಡ್ತೀಯಾ?"

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಪಕ್ಕದ ಬೀದಿಯ ಬಸ್ ಡ್ರೈವರ್ ಏದುಸಿರು ಬಿಡುತ್ತಾ ಬಂದ.

"ಅಕ್ಕಾ, ಹೆಣ್ಣು ಮಗು! ತಿಂಗಳು ತುಂಬೋ ಮುಂಚೆನೇ ಬಂದ್ಬಿಟ್ಳು. ಅಂಗಡಿ ಅಂಗಿ ಹಾಕಿದ್ರೆ ಒಳಗೆ ಮಗೂನ ಹುಡುಕ್ಬೇಕು, ಅಷ್ಟು ಚಿಕ್ಕೋಳು. ಎರಡು ಅಂಗಿ ಹೊಲಿದುಕೊಡ್ತೀರಾ?"

"ಅಯ್ಯೋ ತಮ್ಮಾ, ಇವತ್ತಾ? ಸಂಜೆಯೊಳಗೆ ಒಂಬತ್ತು ಫ್ರಾಕ್ ಮುಗಿಸ್ಬೇಕು. ಆಗೋದೇ ಇಲ್ಲ."

"ಹೋಗ್ಲಿ ಬಿಡಿ ಅಕ್ಕ," ಎಂದು ಅವನು ಮೆಟ್ಟಿಲಿಳಿದ.

ಅತ್ತೆ ಹಲ್ಲಿನಿಂದ ದಾರ ಕಡಿದರು. "ಛತ್ರದಲ್ಲಿ ಜಾಗ ಇಲ್ಲ ಅಂತ ತುಂಬು ಬಸುರಿ ಮರಿಯಮ್ಮನ್ನ ವಾಪಸ್ ಕಳಿಸಿದ್ರಲ್ಲ, ಅವರೇನೂ ಕೆಟ್ಟೋರಲ್ಲ ಕಣೆ. ಪಾಪ, ಕೆಲಸ ಜಾಸ್ತಿ ಇತ್ತೇನೋ."

ಸೂಜಿ ಚುಚ್ಚಿದಂತಾಯಿತು. ಟೈಲರಕ್ಕ ಕೊರಳಲ್ಲಿದ್ದ ಟೇಪಿನ ಸಮೇತ ಬರಿಗಾಲಲ್ಲೇ ಬೀದಿಗೆ ಓಡಿದಳು. "ತಮ್ಮಾ, ನಿಲ್ಲಪ್ಪ! ಮಗು ಎಷ್ಟುದ್ದ?"

ಅವನು ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದ. ಅದೇ ಅಳತೆ.

ಅಂಗಡಿ ತುಂಬ ಮಿನುಗುವ ಬಟ್ಟೆ. ಎಳೆಮೈಗೆ ಒಗ್ಗುವ ತುಂಡು ಒಂದೂ ಇಲ್ಲ. ಅತ್ತೆ ಒಳಗೆ ಹೋಗಿ, ಒಗೆದು ಒಗೆದು ಬೆಣ್ಣೆಯಂತಾಗಿದ್ದ ತಮ್ಮ ಹತ್ತಿ ಹೊದಿಕೆಯನ್ನೇ ತಂದು ಮೇಜಿನ ಮೇಲೆ ಹರಡಿದರು. ಕತ್ತರಿ ಕಚಕಚ ಆಡಿತು.

ಅಷ್ಟರಲ್ಲಿ ಊರಿನ ಶಾಲೆಯ ಹೆಡ್‌ಮಿಸ್ಟ್ರೆಸ್ ತಮ್ಮ ಫ್ರಾಕ್ ಕೇಳಲು ಬಂದರು. ಆಗಿಲ್ಲವೆಂದಾಗ ಹುಬ್ಬು ಹಣೆಗೇರಿತು. ಮೇಜಿನ ಮೇಲಿನ ಪುಟ್ಟ ಅಂಗಿತೋಳು ಕಂಡದ್ದೇ ತಡ, ಹುಬ್ಬು ಇಳಿಯಿತು. "ಅಯ್ಯೋ, ನನ್ನ ಹೆಬ್ಬೆರಳಷ್ಟಿದೆಯಲ್ಲ! ಇಸ್ತ್ರಿ ಎಲ್ಲಿದೆ, ಕೊಡಿ ಇಲ್ಲಿ."

ಮಧ್ಯಾಹ್ನದೊಳಗೆ ನಾಲ್ಕು ಅಂಗಿ, ಎರಡು ಟೊಪ್ಪಿ, ಸುತ್ತುವ ಬಟ್ಟೆ ತಯಾರು. ಆಸ್ಪತ್ರೆಗೆ ಟೈಲರಕ್ಕನೇ ಒಯ್ದಳು, ಅತ್ತೆಯೂ ಜೊತೆಗೆ ಹೊರಟರು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಟೈಲರಕ್ಕನೇ ಬಾಣಂತಿಯ ಮಡಿಲಿಗಿಟ್ಟಳು. ಪ್ರತಿ ವರ್ಷ ಕ್ರಿಸ್‌ಮಸ್‌ನಲ್ಲಿ ಕೇಳಿದ ಕಥೆಯೇ. ದೇವರು ಹೀಗೇ ಕೂಸಾಗಿ, ಯಾರಾದರೂ ಸುತ್ತಿಕೊಡಲಿ ಎಂದು ಬಂದು ಮಲಗಿದ್ದನೆಂದು ಅವಳಿಗೆ ಹೊಳೆದದ್ದು ಅಂದೇ. ಅತ್ತೆ ಪ್ರಾರ್ಥನೆ ಶುರುಮಾಡಿದರು. ಅವರು ಮುಗಿಸುವ ಮೊದಲೇ ಸೊಸೆ "ಆಮೆನ್" ಅಂದುಬಿಟ್ಟಳು.

"ಇದಕ್ಕೂ ಅವಸರವೇನೇ?" ಎಂದರು ಅತ್ತೆ. ಬಾಣಂತಿ ನಕ್ಕಳು.

ಮೂರು ಫ್ರಾಕು ಉಳಿದೇಹೋದವು. ಒಬ್ಬಾಕೆ ಮುನಿಸಿಕೊಂಡು ಬಟ್ಟೆ ವಾಪಸ್ ಒಯ್ದಳು. ಹೆಡ್‌ಮಿಸ್ಟ್ರೆಸ್ ಮಾತ್ರ ಹಳೆಯ ಫ್ರಾಕಿನಲ್ಲೇ ಚರ್ಚಿಗೆ ಬಂದು, ಬೆಂಚಿನಲ್ಲಿ ಸರಿದು ಅತ್ತೆ ಸೊಸೆಯರಿಗೆ ಜಾಗ ಮಾಡಿಕೊಟ್ಟರು. ಟೈಲರಕ್ಕ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಶ್ರುತಿ ತಪ್ಪಿ ಹಾಡಿದಳು.