ಬೆಟರ್ ಆಗದವಳು

ಅಂಗಿ ಗುಂಡಿ ತಯಾರಿಸುವ ನಮ್ಮ ಕಾರ್ಖಾನೆಯ ಆಫೀಸಿನಲ್ಲಿ ಈ ಸಲ ಒಬ್ಬರನ್ನು ಕಾಯಂ ಮಾಡುತ್ತಾರೆಂದು ತಿಳಿದಾಗ, ಅದು ನಾನೇ ಎಂದುಕೊಂಡಿದ್ದೆ. ತಾತ್ಕಾಲಿಕವಾಗಿ ಕೂತೂ ಕೂತೂ ನನ್ನ ಕುರ್ಚಿ ಸವೆದಿತ್ತು. ಇಂಗ್ಲಿಷ್ ಓದಿದವಳೆಂದು ಕಾಯಂ ಮಾಡುವ ಮುಂಚೆ ಮೇಲಿನವರು ನೋಡುವ ಎಲ್ಲರ ವಾರ್ಷಿಕ ವರದಿ ಬರೆಯುವ ಕೆಲಸವೂ ನನ್ನ ತಲೆಗೇ ಬಂತು.

ಮ್ಯಾನೇಜರಿಗೆ ಬೇಕಾಗಿದ್ದದ್ದು ಒಂದೇ ಮಾತು: ಬೆಟರ್. ‘ಗುಡ್’ ಎಂದರೆ ಮೇಲಿನವರಿಗೆ ನಿಂತ ನೀರಿನ ಹಾಗೆ ಕಾಣುತ್ತದಂತೆ. ಆದರೆ ಎಲ್ಲರಿಗೂ ಅದೇ ಪದ ಹಾಕಿದರೆ ಸೀಲು ಒತ್ತಿದಂತಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಹುಡುಕಬೇಕು. ಪಾಲು ಹಂಚುವ ಹಿರಿಯಳಂತೆ ಅಳೆದು ತೂಗಿ ಹಂಚಿದೆ. ಡ್ರೈವರಿಗೆ ‘ಸ್ಮಾರ್ಟರ್’, ಸ್ಟೋರಿನವನಿಗೆ ‘ಫೈನರ್’. ಮ್ಯಾನೇಜರ ಭಾಮೈದನಿಗೆ ‘ಸುಪೀರಿಯರ್’ಗಿಂತ ಕಮ್ಮಿ ಆಗಕೂಡದೆಂದು ಅಪ್ಪಣೆಯಾಯಿತು. ಯಾರಿಗಿಂತ ಎಂದು ಮೆಲ್ಲಗೆ ಕೇಳಿದೆ. ಹೋದ ವರ್ಷದ ಅವನಿಗಿಂತ ಎಂದರು.

ಹೋದ ವರ್ಷದ ಅವನನ್ನು ನಾನು ಬಲ್ಲೆ. ಊಟದ ಹೊತ್ತಿಗೆ ಬಂದು ಮೇಜಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದ. ಅವನಿಗಿಂತ ಆ ಮೇಜೇ ಮೇಲು. ಈ ವರ್ಷ ಎಚ್ಚರವಾಗಿ ಕೂರುತ್ತಾನೆ, ನಿಜ.

ಕೊನೆಗೆ ನನ್ನ ವರದಿಗೆ ಯಾವ ಪದ ಎಂದು ಮ್ಯಾನೇಜರನ್ನು ಕೇಳಿದೆ.

“ನಿಮಗೆ ಹೇಗಮ್ಮ ಹಾಕೋದು? ಹೋದ ವರ್ಷನೂ ಲೇಟಾಗಿ ಬಂದಿಲ್ಲ, ತಪ್ಪು ಮಾಡಿಲ್ಲ. ಬೆಟರ್ ಆಗೋಕೆ ನೀವು ಜಾಗಾನೇ ಇಟ್ಕೊಂಡಿಲ್ವಲ್ಲ.”

ಭಾಮೈದ ಕಾಯಂ ಆದ. ಕೈ ಕುಲುಕಲು ಹೋದರೆ ಅಯ್ಯೋ ಪಾಪ ಎನ್ನುವಂತೆ ನೋಡಿ, “ಮೊದಲೇ ಚೆನ್ನಾಗಿ ಮಾಡಿ ಕೆಡಿಸ್ಕೊಂಡ್ರಿ ಅಕ್ಕ,” ಎಂದ. ಮನೆಯಲ್ಲಿ ಅತ್ತೆಗೆ ನನ್ನ ಅಳುವಿಗಿಂತ ನನ್ನ ಅಚ್ಚರಿಯೇ ಅಚ್ಚರಿಯಾಯಿತು. ಮೊದಲ ದಿನದಿಂದ ಸರಿಯಾಗಿ ಕೆಲಸ ಮಾಡಿದ ಸೊಸೆಯನ್ನು ಯಾರಾದರೂ ಹೊಗಳಿದ್ದುಂಟೇ ಎಂದು ಕೇಳಿದರು. ಉದಾಹರಣೆ ಎದುರಿಗೇ ಇದ್ದುದರಿಂದ ನಾನು ವಾದಿಸಲಿಲ್ಲ.

ಮುಂದಿನ ವರ್ಷ ಬೆಟರ್ ಆಗಬೇಕಾದರೆ ಈ ವರ್ಷ ಕೆಡಲೇಬೇಕು. ಮರುದಿನ ಕಾರ್ಖಾನೆಯ ಗೇಟಿನವರೆಗೂ ಬಂದು, ಲೇಟಾಗಲೆಂದು ಒಳಗೆ ಹೋಗದೆ ಎದುರಿನ ಟೀ ಅಂಗಡಿಯ ಹಿಂದೆ ಅಡಗಿದೆ. ಅಲ್ಲಿ ಕಣ್ಣಕ್ಕ ಮೊದಲೇ ಬಂದು ನಿಂತಿದ್ದಳು. ಒಡಕು ಗುಂಡಿ ಆರಿಸುವ ಕೆಲಸ ಅವಳದು. ಇಷ್ಟು ಕಾಲದಲ್ಲಿ ಒಂದೇ ಒಂದು ಒಡಕೂ ಅವಳ ಕಣ್ಣು ತಪ್ಪಿಸಿಲ್ಲ. ಅವಳಿಗೂ ಈ ಸಲ ಯಾವ ಪದವೂ ದಕ್ಕಿರಲಿಲ್ಲ.

ಸೈರನ್ ಕೂಗಿತು. ನನ್ನ ಕಾಲು ತಾನಾಗಿಯೇ ಗೇಟಿನತ್ತ ಹೊರಟಿತು. ಕಣ್ಣಕ್ಕ ರಟ್ಟೆ ಹಿಡಿದು ಎಳೆದಳು.

“ತಡ್ಕೊಳ್ಳೇ. ಒಂದು ಟೀ ಹೇಳ್ತೀನಿ.”